ಉಪ್ಪು ಸುರಿಯದ ಗುಂಡಿ

ಇಳಕಲ್ಲಿನಲ್ಲಿ ಯಾರಾದರೂ ಬೆಂಕಿಕಡ್ಡಿ ಗೀರಿದರೆ, ಆ ಕಡ್ಡಿಪೆಟ್ಟಿಗೆಯ ಮೇಲೆ ಯಾವ ಚಿತ್ರವಿದೆ ಎಂಬುದನ್ನು ಅಮೀನಗಡದ ನನ್ನ ಅಂಗಡಿಯಲ್ಲಿ ಕುಳಿತು ಮೂಗಿನಿಂದಲೇ ಹೇಳಬಲ್ಲೆ. ಹುನಗುಂದದ ಕಡೆಯಿಂದ ಗಾಳಿ ಬೀಸುತ್ತಿದ್ದರೆ ಪೆಟ್ಟಿಗೆಯಲ್ಲಿ ಇನ್ನೆಷ್ಟು ಕಡ್ಡಿ ಉಳಿದಿವೆ ಎಂಬುದನ್ನೂ ಹೇಳುತ್ತೇನೆ. ಇಂಥ ಮೂಗು ಜೊತೆಗಿದ್ದದ್ದರಿಂದಲೇ ಬನಶಂಕರಿ ಅಕ್ಕನವರು ಅಷ್ಟೊಂದು ಪ್ರಕರಣ ಬಿಡಿಸಿದರು ಎಂದು ಬಸ್ ಸ್ಟ್ಯಾಂಡಿನಲ್ಲಿ ಜನ ಆಡಿಕೊಳ್ಳುತ್ತಾರೆ. ಮೊದಲು ಆಡಿದವನು ನಾನೇ ಇರಬಹುದು, ಅದು ಬೇರೆ ಮಾತು.

ನನ್ನ ಹೆಸರು ಅಮಾತೆಪ್ಪ. ಹೆದ್ದಾರಿಗೆ ಮುಖ ಮಾಡಿದ ಕರದಂಟಿನ ಅಂಗಡಿ ನನ್ನದು. ನನ್ನ ಕರದಂಟು ತಿಂದು ಸತ್ತವರು ಎದ್ದು ಕುಳಿತರು ಎಂದು ಸುಳ್ಳು ಹೇಳಲಾರೆ; ಎದ್ದು ಕುಳಿತವರು ಮಾತ್ರ ಆಮೇಲೆ ಮಲಗಿದ್ದಿಲ್ಲ. ಬೆಲ್ಲದ ಪಾಕ, ಅಂಟು, ತುಪ್ಪ ಎಲ್ಲದರ ಹದವನ್ನೂ ಈ ಬೆರಳುಗಳಿಂದಲೇ ನೋಡುತ್ತೇನೆ.

ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಬನಶಂಕರಿ ಅಕ್ಕನವರು ಬಾಡಿಗೆಗಿದ್ದರು. ಪೊಲೀಸ್ ಇಲಾಖೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಹಳೆ ಬಾಗಲಕೋಟೆಯ ಮನೆ ಹಿನ್ನೀರಿಗೆ ಹೋದ ಮೇಲೆ ನವನಗರದಲ್ಲಿ ಮನೆಯಾಗಿತ್ತು. ಅಲ್ಲಿಯ ಅಗಲ ರಸ್ತೆಗಳಲ್ಲಿ ಸಪ್ಪಳವೇ ಇಲ್ಲ, ನಿದ್ದೆ ಹತ್ತುವುದಿಲ್ಲ ಎಂದು ತಂಗಿಗೆ ಮನೆ ಬಿಟ್ಟುಕೊಟ್ಟು ಬಸ್ಸಿನ ಹಾರ್ನುಗಳ ನಡುವೆ ಬಂದು ನೆಲೆಸಿದ್ದರು. ಕಳುವು, ಕಾಣೆ, ಜಗಳ ಏನೇ ಆದರೂ ಊರವರು ಠಾಣೆಗೆ ಹೋಗುವ ಮೊದಲು ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಅಕ್ಕನವರನ್ನು ಕರೆದೊಯ್ಯುವ ಓಮ್ನಿ ಗಾಡಿ ನನ್ನದು, ಚಾಲಕ ನಾನು. ನಾನಿಲ್ಲದೆ ಅವರು ಒಂದು ಹೆಜ್ಜೆ ಇಡುತ್ತಿರಲಿಲ್ಲ. ಅವರಿಗೆ ಗಾಡಿ ಬರುತ್ತಿರಲಿಲ್ಲ.

ಹೋದ ಬೇಸಿಗೆಯ ಒಂದು ಮುಂಜಾನೆ ಮಲೀಕಸಾಬ ಆ ಮೆಟ್ಟಿಲು ಹತ್ತಿದ. ಅವನು ಪೈಪ್‌ಲೈನ್ ಕಾಯುವವನು. ಅಮೀನಗಡಕ್ಕೂ ಹುನಗುಂದಕ್ಕೂ ನಡುವೆ ನೆಲದಡಿಯಲ್ಲಿ ಡೀಸೆಲ್ ಸಾಗಿಸುವ ದೊಡ್ಡ ಪೈಪು ಹೋಗಿದೆ. ತನ್ನ ಪಾಲಿನ ದಾರಿಯನ್ನು ಅವನು ದಿನವೂ ನಡೆದು ನೋಡಬೇಕು. ಯಾರಾದರೂ ಜೆಸಿಬಿ ತಂದು ಅಗೆಯುತ್ತಿದ್ದಾರೆಯೇ, ಪೈಪಿನ ಮೇಲಿನ ನೆಲದ ಪಟ್ಟಿಯಲ್ಲಿ ಗಿಡ ನೆಟ್ಟಿದ್ದಾರೆಯೇ, ಎಲ್ಲಾದರೂ ಹುಲ್ಲು ಸುಮ್ಮಸುಮ್ಮನೆ ಒಣಗಿದೆಯೇ, ಮಣ್ಣಿಗೆ ಎಣ್ಣೆಯ ವಾಸನೆ ಬಂದಿದೆಯೇ ಎಂದು ನೋಡಿ ಆಫೀಸಿಗೆ ತಿಳಿಸಬೇಕು. ಸದಾ ಮೈಮೇಲಿರುತ್ತಿದ್ದ ಕಂಪನಿಯ ಕಿತ್ತಳೆ ಬಣ್ಣದ ಜಾಕೀಟನ್ನು ಅವನು ಅಂದು ಮಡಚಿ ಕೈಯಲ್ಲಿ ಹಿಡಿದಿದ್ದ.

ಚಹಾ ಕೊಟ್ಟೆ, ಎಂದಿನಂತೆ ಸಕ್ಕರೆ ಇಲ್ಲದ್ದು. ಕರದಂಟಿನ ತಟ್ಟೆ ಮುಂದಿಟ್ಟೆ, ಎಂದಿನಂತೆ ಬದಿಗೆ ಸರಿಸಿದ. ದವಾಖಾನೆಯವರು ಹೇಳಿದ ದಿನದಿಂದ ಅವನು ಸಿಹಿ ಮುಟ್ಟಿದ್ದನ್ನು ನಾನು ನೋಡಿಲ್ಲ.

ಅವನು ಹೇಳಿದ್ದು ಇಷ್ಟು. ಲೈನಿನ ಉದ್ದಕ್ಕೂ ಅಲ್ಲಲ್ಲಿ ಹಳದಿ ಕಂಬಗಳಿವೆ. ಒಳಗಿನ ಪೈಪಿನಿಂದ ಬಂದ ಒಂದು ತಂತಿ ಕಂಬದ ತಲೆಯ ಪೆಟ್ಟಿಗೆಯಲ್ಲಿರುತ್ತದೆ. ಅವನ ಪಾಲಿನ ಒಂದು ಕಂಬದಲ್ಲಿ ಯಾರೋ ಆ ತಂತಿಗೆ ಕೈ ಹಾಕುತ್ತಿದ್ದಾರೆ ಎಂದು ಆಫೀಸಿನ ಯಂತ್ರ ತೋರಿಸುತ್ತಿತ್ತು. ಪೆಟ್ಟಿಗೆಯ ಬೀಗ ಒಡೆದಿಲ್ಲ. ಬೀಗದ ಕೈ ಇರುವುದು ಅವನ ಬಳಿ.

"ಸೋಮವಾರ ಮೀಟಿಂಗ್ ಐತ್ರಿ ಅಕ್ಕಾರ," ಎಂದ. "ಕೆಲಸದಿಂದ ತಗದ್ರ ತಗೀಲಿ. ಇನ್ನೊಬ್ಬರ ಕಡೆ ರೊಕ್ಕ ತಿಂದು ಪೆಟಿಗಿ ತಗದುಕೊಟ್ಟಾನ ಅಂತ ಬರದು ತಗೀತಾರಂತ. ಅದೊಂದು ಬ್ಯಾಡ್ರಿ. ನಾ ಮನ್ಯಾಗ ಏನಂತ ಹೇಳಲಿ?"

ಅಕ್ಕನವರು ಚಪ್ಪಲಿ ಮೆಟ್ಟಿದರು. ನಾನು ಗಾಡಿ ತೆಗೆದೆ.

ನನ್ನ ಓಮ್ನಿ ಹುನಗುಂದದ ರಸ್ತೆಯಲ್ಲಿ ಓಡುವಾಗ ಅದರ ನೆರಳು ಹಿಂದೆ ಉಳಿಯುತ್ತದೆ, ಆಮೇಲೆ ಬಂದು ಕೂಡಿಕೊಳ್ಳುತ್ತದೆ. ಮಲೀಕಸಾಬನ ಮುಖ ಸಪ್ಪಗಿದ್ದುದರಿಂದ ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಹೋದ ವಾರ ಬಾದಾಮಿಯ ಮದುವೆಗೆ ಕರದಂಟು ಒಯ್ದು ಎರಡು ರಾತ್ರಿ ಅಲ್ಲೇ ಉಳಿದಿದ್ದೆನಲ್ಲ, ಆ ಪರಿಮಳಕ್ಕೆ ಗುಹೆಯೊಳಗಿನ ಕಲ್ಲಿನ ದೇವರುಗಳು ತುಟಿ ಸವರಿಕೊಂಡದ್ದನ್ನು ಮಾರ್ಗದರ್ಶಿಗಳು ಪ್ರವಾಸಿಗಳಿಗೆ ತೋರಿಸುತ್ತಿದ್ದರು ಎಂದೆ. ಮಲೀಕಸಾಬ ನಗಲಿಲ್ಲ. ಅಕ್ಕನವರು ಯಾವ ರಾತ್ರಿಗಳು ಎಂದು ಕೇಳಿದರು. ಹೇಳಿದೆ.

ಕಂಬದ ಬಳಿ ಐಶ್ವರ್ಯ ಎಂಬ ಎಂಜಿನಿಯರ್ ಹುಡುಗಿ ಕಾಯುತ್ತಿದ್ದಳು. ಹುನಗುಂದದ ಆಫೀಸಿನವಳು. ಮಲೀಕಸಾಬ ಹೀಗೆ ಮಾಡಿದ್ದಾನೆಂದು ತಾನು ನಂಬುವುದಿಲ್ಲ, ಆದರೆ ನಂಬಿಕೆಯನ್ನು ವರದಿಯಲ್ಲಿ ಬರೆಯಲು ಬರುವುದಿಲ್ಲ ಎಂದಳು.

ಅವಳು ವಿವರಿಸಿದ್ದು ನನಗೆ ಮೊದಲೇ ಗೊತ್ತಿತ್ತು ಎಂದು ಹೇಳಬೇಕೆನಿಸುತ್ತದೆ. ಗೊತ್ತಿರಲಿಲ್ಲ. ನೆಲದಲ್ಲಿ ಹೂತ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಅದಕ್ಕೇ ಪೈಪಿಗೆ ದಪ್ಪ ಲೇಪನ ಹಚ್ಚಿರುತ್ತಾರೆ, ಒಳಗೆ ಯಂತ್ರ ಓಡಿಸಿ ಪೈಪಿನ ಗೋಡೆ ತೆಳುವಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಇದೆಲ್ಲದರ ಮೇಲೆ, ಹಗಲೂ ರಾತ್ರಿ ಸಣ್ಣದೊಂದು ಕರೆಂಟನ್ನು ಮಣ್ಣಿನ ಮೂಲಕ ಪೈಪಿಗೆ ಹರಿಸುತ್ತಿರುತ್ತಾರೆ. ಆ ಕರೆಂಟು ಇರುವವರೆಗೆ ತುಕ್ಕು ಹತ್ತಿರ ಬರುವುದಿಲ್ಲ. ಕಂಬದ ತಂತಿ ಇರುವುದು ಅದು ಸರಿಯಾಗಿದೆಯೇ ಎಂದು ಅಳೆಯಲಿಕ್ಕೆ. ಆ ತಂತಿಗೆ ಯಾರಾದರೂ ಬೇರೆ ಕಬ್ಬಿಣ, ತಾಮ್ರ ಏನಾದರೂ ಕಟ್ಟಿದರೆ ಪೈಪಿಗೆ ಸೇರಬೇಕಾದ ಕರೆಂಟು ಅದರ ಪಾಲಾಗುತ್ತದೆ.

"ಸಂಜಿಗೆ ಶುರು ಆಗ್ತೈತ್ರಿ, ಬೆಳಗಾದ ಮ್ಯಾಲ ಸರಿ ಆಗ್ತೈತಿ," ಎಂದಳು ಐಶ್ವರ್ಯ. "ಸುಮಾರು ಒಂದು ತಿಂಗಳಿಂದ ಹಿಂಗ. ಹೋದ ವಾರ ನಡುವ ಎರಡು ರಾತ್ರಿ ಅಷ್ಟ ಏನೂ ಆಗಿಲ್ಲ. ಹಗಲು ಬಂದು ನೋಡಿದ್ರ ಕಂಬದಾಗ ಏನೂ ಇರಂಗಿಲ್ಲ."

ಹೀಗೇ ಬಿಟ್ಟರೆ ಏನಾಗುತ್ತದೆ ಎಂದು ಅಕ್ಕನವರು ಕೇಳಿದರು. ಸೂಜಿಮೊನೆಯಷ್ಟು ತೂತು ಸಾಕು, ಡೀಸೆಲ್ಲು ಮೊದಲು ಸುತ್ತಲಿನ ಬೋರುಗಳಿಗೆ ಇಳಿಯುತ್ತದೆ, ಮಳೆ ಬಂದರೆ ಹಳ್ಳ ಹಿಡಿದು ಮಲಪ್ರಭೆಗೆ ಸೇರುತ್ತದೆ ಎಂದಳು. ಸುತ್ತಲಿನ ಬೋರುಗಳಲ್ಲಿ ನನ್ನದೂ ಒಂದಿತ್ತು. ಡೀಸೆಲ್ ಸೋರಿದರೆ ನನ್ನ ಮೂಗಿಗೆ ಮೊದಲು ಗೊತ್ತಾಗುತ್ತದೆ ಎಂದೆ. ಮೂಗಿಗೆ ಗೊತ್ತಾಗುವ ಹೊತ್ತಿಗೆ ಮಣ್ಣು ಕೆಟ್ಟಿರುತ್ತದೆ, ತಮ್ಮ ಕೆಲಸವಿರುವುದು ಅದಕ್ಕಿಂತ ಮೊದಲು ಎಂದಳು.

ಅಕ್ಕನವರು ಕಂಬದ ತಲೆಯನ್ನೇ ನೋಡುತ್ತಿದ್ದರು. ಬೀಗದ ತೂತಿಗೆ ಜೇಡ ಬಲೆ ಕಟ್ಟಿತ್ತು. ಕಂಬದ ಇನ್ನೊಂದು ಬದಿಯಲ್ಲಿ ಇರುವೆಗಳು ಸಾಲುಗಟ್ಟಿ ಹತ್ತುತ್ತಿದ್ದವು. ಒಂದೊಂದೂ ಕುರಿಮರಿಯಷ್ಟಿತ್ತು, ನಾವು ದಾರಿ ಬಿಟ್ಟು ನಿಂತೆವು. ಬೀಗದ ಎದುರು ಬದಿಯಲ್ಲಿ, ಮುಚ್ಚಳ ತಿರುಗುವ ತಿರುಗಣಿಯ ಬಳಿ ಅವು ಗುಂಪಾಗಿದ್ದವು. ಆ ತಿರುಗಣಿಯ ಮೊಳೆ ತುಕ್ಕಿಲ್ಲದೆ ಹೊಳೆಯುತ್ತಿತ್ತು. ಬೇಸಿಗೆಯಲ್ಲಿ ಇರುವೆಗಳು ಎಲ್ಲೆಂದರಲ್ಲಿ ಹತ್ತುತ್ತವೆ ಎಂದು ನಾನು ಅಕ್ಕನವರಿಗೆ ತಿಳಿಹೇಳಿದೆ.

"ಮಲೀಕಸಾಬ, ಇಲ್ಲಿ ವಿಚಿತ್ರ ಅನ್ನೂವಂಥಾದ್ದು ಏನೂ ನೋಡಿಲ್ಲೇನು?" ಎಂದರು.

"ನೋಡಿಲ್ರಿ." ಆಮೇಲೆ ಸ್ವಲ್ಪ ಯೋಚಿಸಿ ಹೇಳಿದ. "ಬಿಸಿಲು ಭಾಳ ಆಗ್ತೈತಿ ಅಂತ ಒಮ್ಮೆ ನಸುಕಿನ್ಯಾಗ ಬಂದಿದ್ದೆ. ಕಂಬಕ್ಕ ಕೈ ಹಚ್ಚಿ ನಿಂತಾಗ ಝುಮ್ಮ್, ಝುಮ್ಮ್ ಅಂತು. ಸಕ್ಕರಿ ಏರಿದ್ರ ಕೈಕಾಲು ಹಂಗ ಆಗ್ತಾವಂತ ಡಾಕ್ಟರ್ ಹೇಳಿದ್ರಲ್ಲ. ಸೀದಾ ದವಾಖಾನಿಗೆ ಹೋದೆ."

"ಅದನ್ನ ನನಗ ಹೇಳಬೇಕಿತ್ರಿ ಕಾಕಾ," ಎಂದಳು ಐಶ್ವರ್ಯ.

"ನನ್ನ ಸಕ್ಕರಿ ಸುದ್ದಿ ಕಂಪನಿಗ್ಯಾಕ ಬೇಕವ್ವಾ?"

ಪೈಪಿನ ಬಲಕ್ಕೆ ಅಮರೇಶನ ದಾಳಿಂಬೆ ತೋಟ. ಪಟ್ಟಿಯ ಮೇಲೆ ನೆಟ್ಟಿದ್ದ ಅವನ ಸಸಿಗಳನ್ನು ಬೇರು ಪೈಪಿಗೆ ಇಳಿಯುತ್ತದೆಂದು ಕಂಪನಿಯವರು ತೆಗೆಸಿದ್ದರು. ಅಂದಿನಿಂದ ಹಳದಿ ಕಂಬ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಆ ಜಗಳ ಬಾಗಲಕೋಟೆಯವರೆಗೆ ಕೇಳಿಸಿ ಅಲ್ಲಿಯ ಹಿನ್ನೀರು ಒಂದು ಗೇಣು ಹಿಂದೆ ಸರಿದಿತ್ತು. ನಾನು ಅಕ್ಕನವರ ಕಿವಿಯಲ್ಲಿ, ಇವನನ್ನು ಬಿಡಬೇಡಿ ಎಂದೆ. ಅವನ ಪಂಪಿನ ಅರ್ಥಿಂಗ್ ಗುಂಡಿಯನ್ನೂ ನಾನೇ ತೋರಿಸಿದೆ. ಸುತ್ತಲಿನ ನೆಲವೆಲ್ಲ ಒಡೆದು ನಿಂತಿದ್ದಾಗ ಆ ಗುಂಡಿಯೊಂದೇ ತೊಯ್ದು, ಅಂಚಿಗೆ ಬಿಳಿ ಉಪ್ಪು ಕಟ್ಟಿತ್ತು.

ತೋಟದಲ್ಲೇ ಇದ್ದ ಅಮರೇಶ ಗುರುಗುಟ್ಟಿದ. ಬೇಸಿಗೆಯಲ್ಲಿ ಎರೆಭೂಮಿ ಒಣಗಿದರೆ ನೆಲ ಕರೆಂಟು ಹಿಡಿಯುವುದಿಲ್ಲ, ಗುಂಡಿಗೆ ಉಪ್ಪುನೀರು ಸುರಿಯಬೇಕು, ಸುತ್ತಲಿನ ಹೊಲದವರೆಲ್ಲ ಸುರಿಯುತ್ತಾರೆ, ತನ್ನೊಬ್ಬನನ್ನೇ ಯಾಕೆ ಕೇಳುವುದು ಎಂದ. ಪಂಪಿಗೆ ಈಗ ಕರೆಂಟು ಕೊಡುವುದೇ ಹಗಲು ಹೊತ್ತು, ರಾತ್ರಿ ತನಗೆ ಇಲ್ಲೇನು ಕೆಲಸ ಎಂದ. ಹೋಗಲಿ, ಒಂದು ತಿಂಗಳಿಂದ ಹಂದಿಕಾಟ ಪೂರಾ ತನ್ನ ಪಾಲಿಗೇ ಬಂದು, ಹನಿ ನೀರಾವರಿಯ ಕೊಳವೆಗಳನ್ನೆಲ್ಲ ಕಿತ್ತುಹಾಕಿದೆ, ಅದನ್ನು ಯಾವ ಇನ್‌ಸ್ಪೆಕ್ಟರೂ ಕೇಳುವುದಿಲ್ಲ ಎಂದ.

ಪೈಪಿನ ಎಡಕ್ಕೆ ನನ್ನದೂ ಸ್ವಲ್ಪ ಹೊಲವಿದೆ. ಶೇಂಗಾ ಇತ್ತು. ಸುತ್ತ ತಂತಿ ಇತ್ತು.

ಅಕ್ಕನವರು ಸುತ್ತಲಿನ ಹೊಲಗಳನ್ನೆಲ್ಲ ತಿರುಗಿ ಅಲ್ಲಿಗೂ ನಡೆದರು. ಬದುವಿನ ಮೂಲೆಯಲ್ಲಿ ಹಂದಿಗಳಿಗೆ ಕರೆಂಟು ಹೊಡೆಯುವ ಝಟಕಾ ತಂತಿಯ ಪೆಟ್ಟಿಗೆ, ಅದರ ಸೋಲಾರ್ ಹಲಗೆ, ಪಕ್ಕದಲ್ಲಿ ನೆಲಕ್ಕೆ ಹೊಡೆದ ಅರ್ಥಿಂಗ್ ಸರಳುಗಳು ಇದ್ದವು. ಸರಳುಗಳ ಸುತ್ತ ಅಂಗೈ ತೂರುವಷ್ಟು ಬಿರುಕು ಬಿಟ್ಟಿತ್ತು. ಅವರು ಬಗ್ಗಿ ನೋಡಿದರು.

"ನಿನ್ನ ಝಟಕಾ ಹೆಂಗ ನಡೀತೈತೋ ಅಮಾತೆಪ್ಪ?"

"ಅಷ್ಟಕ್ಕಷ್ಟರಿ," ಎಂದೆ.

ಭಾನುವಾರ ಮುಂಜಾನೆ ಎಲ್ಲರನ್ನೂ ನನ್ನ ಅಂಗಡಿಗೆ ಕರೆಸಲು ಅಕ್ಕನವರು ಹೇಳಿದರು. ಕರೆಸಿದೆ. ಐಶ್ವರ್ಯ ಬಂದಳು, ಅಮರೇಶ ಗೊಣಗುತ್ತ ಬಂದ, ಮಲೀಕಸಾಬ ಜಾಕೀಟು ಹಿಡಿದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತ. ಎಲ್ಲರಿಗೂ ಚಹಾ ಮಾಡಿದೆ. ಅಂದಿನ ಚಹಾ ನನ್ನ ಬದುಕಿನಲ್ಲೇ ಕೆಟ್ಟದಾಗಿತ್ತು. ಇದು ಅತಿಶಯೋಕ್ತಿ ಅಲ್ಲ, ಅಮರೇಶ ಅರ್ಧಕ್ಕೇ ಬಿಟ್ಟ.

ಅಕ್ಕನವರು ಗಲ್ಲೆಯ ಮೇಜಿಗೆ ಒರಗಿ ನಿಂತು ಮೆಲ್ಲಗೆ ಹೇಳತೊಡಗಿದರು. ಮೊದಲಿಗೆ ಮಲೀಕಸಾಬನ ವಿಷಯ. ಬೀಗಕ್ಕೆ ಜೇಡ ಬಲೆ ಕಟ್ಟಿದೆ ಎಂದರೆ ಅದನ್ನು ಬಹಳ ದಿನಗಳಿಂದ ಯಾರೂ ತೆಗೆದಿಲ್ಲ. ಮುಚ್ಚಳ ತೆರೆದದ್ದು ಹಿಂದಿನಿಂದ, ತಿರುಗಣಿಯ ಮೊಳೆ ಎಳೆದು. ಎಳೆದು ಎಳೆದೇ ಆ ಮೊಳೆ ಹೊಳೆಯುತ್ತಿತ್ತು. ಬೀಗದ ಕೈ ಇದ್ದವನು ಮೊಳೆ ಯಾಕೆ ಕೀಳುತ್ತಾನೆ? ಕೀಲಿಕೈ ಯಾರ ಬಳಿ ಇದೆ ಎಂದು ಆಫೀಸಿನವರು ಕೇಳಿದ್ದೇ ತಪ್ಪು ಪ್ರಶ್ನೆ, ಕೀಲಿಕೈ ಇಲ್ಲದವನನ್ನು ಹುಡುಕಬೇಕಿತ್ತು ಎಂದರು. ಐಶ್ವರ್ಯ ಅದನ್ನು ಬರೆದುಕೊಂಡಳು. ಮಲೀಕಸಾಬ ತಲೆ ಎತ್ತಿದ.

ಎರಡನೆಯದು, ಈ ಕೆಲಸ ರಾತ್ರಿಯದ್ದು. ಪಂಪುಗಳು ಓಡುವುದು ಹಗಲು. ಹೊಲದಲ್ಲಿ ಸಂಜೆಗೆ ಹಚ್ಚಿ ಬೆಳಗಾದ ಮೇಲೆ ಆರಿಸುವ ವಸ್ತು ಒಂದೇ, ಝಟಕಾ ತಂತಿ. ಹಂದಿ ಮುಟ್ಟಿದರೆ ಕರೆಂಟು ಅದರ ಮೈಯಿಂದ ನೆಲಕ್ಕಿಳಿದು, ಅರ್ಥಿಂಗ್ ಸರಳಿನ ಮೂಲಕ ಪೆಟ್ಟಿಗೆಗೆ ಮರಳಬೇಕು. ಆಗ ಮಾತ್ರ ಝಟಕಾ ಹೊಡೆಯುತ್ತದೆ. ನೆಲ ಒಣಗಿದ್ದರೆ ಮರಳುವ ದಾರಿ ಇಲ್ಲ, ಹಂದಿ ತಂತಿ ದಾಟಿ ಹೋಗುತ್ತದೆ. ಅದು ಬಿಟ್ಟುಬಿಟ್ಟು ಹೊಡೆಯುವ ಕರೆಂಟು. ನಸುಕಿನಲ್ಲಿ ಮಲೀಕಸಾಬನ ಕೈ ಬಿಟ್ಟುಬಿಟ್ಟು ಝುಮ್ಮೆಂದದ್ದು ಸಕ್ಕರೆ ಕಾಯಿಲೆಯಿಂದಲ್ಲ.

"ಅಂದ್ರ ಡಾಕ್ಟರ್ ಗುಳಿಗಿ ಹೆಚ್ಚು ಮಾಡಿದ್ದು ಸುಮ್ಮನ ಆತಲ್ರಿ," ಎಂದ ಮಲೀಕಸಾಬ.

"ತನ್ನ ನೆಲ ಒಣಗಿತ್ತಂತ ತಂತಿ ಕಟ್ಟಿದಾವ ಬ್ಯಾರೆಯವರ ಅರ್ಥಿಂಗ್ ಹುಡುಕ್ಯಾನ," ಎಂದರು ಅಕ್ಕನವರು. "ಹೂತ ಪೈಪಿನಷ್ಟು ದೊಡ್ಡ ಅರ್ಥಿಂಗ್ ಇನ್ನೆಲ್ಲಿ ಸಿಗ್ತೈತಿ? ಯಾರಿಗೆ ಅದು ಬೇಕಿತ್ತು? ಅಮರೇಶಗ ಬೇಕಿರಲಿಲ್ಲ. ಅವನ ಗುಂಡಿ ತೊಯ್ದೈತಿ, ಉಪ್ಪು ಹಾಕ್ಯಾನ. ಸುತ್ತಲಿನವರೆಲ್ಲಾ ಹಾಕ್ಯಾರ, ನಾ ಎಲ್ಲಾ ಹೊಲ ತಿರುಗಿ ನೋಡೇನಿ. ಒಬ್ಬಾವ ಮಾತ್ರ ಹಾಕಿಲ್ಲ. ಅವನ ಸರಳಿನ ಸುತ್ತ ನೆಲ ಒಡದು ನಿಂತೈತಿ. ಹಿಂಗಿದ್ದೂ ಅವನ ಹೊಲದಾಗ ಹಂದಿ ಇಲ್ಲ, ಎಲ್ಲಾ ಅಮರೇಶನ ಹೊಲಕ್ಕ ಹೋಗ್ಯಾವ. ಒಣ ಗುಂಡಿಯಿಂದ ಝಟಕಾ ಹೆಂಗ ಹೊಡೀತು?"

ಅಮರೇಶ ನಿಧಾನವಾಗಿ ನನ್ನ ಕಡೆ ತಿರುಗಿದ. ನಾನು ತಟ್ಟೆಯಲ್ಲಿನ ಕರದಂಟುಗಳನ್ನು ಸರಿಯಾಗಿ ಜೋಡಿಸತೊಡಗಿದೆ.

ಸಿಹಿ ಹತ್ತಿದ ಬೆರಳುಗಳಿಂದ ಮೊಳೆ ಎಳೆದರೆ ಇರುವೆ ಬರುತ್ತವೆ ಎಂದರು ಅಕ್ಕನವರು. ಸುತ್ತ ಒಣ ಹೊಲವಿರುವಾಗ ಕಬ್ಬಿಣದ ಕಂಬಕ್ಕೆ ಇರುವೆಗಳು ಬೇರೆ ಯಾತಕ್ಕೆ ಹತ್ತುತ್ತವೆ? ಮಲೀಕಸಾಬ ಸಿಹಿ ಮುಟ್ಟುವುದಿಲ್ಲ. ಬೆಲ್ಲ, ತುಪ್ಪ ಕೈಯಲ್ಲಿ ಕಲಸಿ, ಸಂಜೆ ಅಂಗಡಿಯಿಂದ ಹೊಲಕ್ಕೆ ಹೋಗಿ, ಬೆಳಿಗ್ಗೆ ಅಂಗಡಿಗೆ ಬರುವ ದಾರಿಯಲ್ಲಿ ತಂತಿ ಬಿಚ್ಚಿಕೊಂಡು ಬರುವವನು ಬೇರೆ ಇದ್ದಾನೆ. ಅವನು ಬಾದಾಮಿಯಲ್ಲಿ ಉಳಿದ ಎರಡು ರಾತ್ರಿಗಳೇ ಕಂಬ ಸುಮ್ಮನಿದ್ದ ಎರಡು ರಾತ್ರಿಗಳು.

"ಇಷ್ಟಾದ್ರೂ ನನಗ ಅನುಮಾನ ಇತ್ತು," ಎಂದರು ಅಕ್ಕನವರು. ಈಗ ಅವರು ನನ್ನನ್ನೇ ನೋಡುತ್ತಿದ್ದರು. "ಇವನ ಜೋಡಿ ಇಷ್ಟು ವರ್ಷ ತಿರುಗೇನಿ. ಇವನ ಇರವಿ ಕುರಿಮರಿಯಷ್ಟು, ಇವನ ಗಾಡಿ ವಿಮಾನ. ಝಟಕಾ ಹೆಂಗೈತಿ ಅಂತ ಕೇಳಿದ್ರ, ಆನಿ ಬಂದ್ರೂ ಬಾಗಲಕೋಟಿಗೆ ಹೋಗಿ ಬೀಳ್ತೈತ್ರಿ ಅನ್ನಬೇಕಿತ್ತು. ಅಷ್ಟಕ್ಕಷ್ಟರಿ, ಅಂದ. ಇವನ ಬಾಯಾಗ ಅಂಥಾ ಸಣ್ಣ ಮಾತು ನಾ ಕೇಳೇ ಇಲ್ಲ. ಅವಾಗ ಖರೆ ಅನಿಸ್ತು."

ಹೆದ್ದಾರಿಯಲ್ಲಿ ಒಂದು ಬಸ್ಸು ನಿಂತು ಹೊರಟಿತು. ಮಲೀಕಸಾಬ ನನ್ನನ್ನು ನೋಡುತ್ತಿದ್ದ. ಬೈದಿದ್ದರೆ ಉತ್ತರ ಕೊಡುವುದು ನನಗೆ ಬರುತ್ತಿತ್ತು.

"ದಿನಾ ನನ್ನ ಕೂಡ ಚಾ ಕುಡಕೋತ ಕೂತಿದ್ದೆಲ್ಲಲೇ," ಎಂದ ಅಷ್ಟೇ.

ಝಟಕಾ ಪೆಟ್ಟಿಗೆಯ ತಂತಿಯನ್ನು ಕಂಬದ ತಂತಿಗೆ ಕಟ್ಟುವಾಗ ಪೈಪಿಗೆ ಕೆಡುಕಾಗುತ್ತದೆಂದು ನನಗೆ ತಿಳಿದಿರಲಿಲ್ಲ. ತಿಳಿದದ್ದು ಐಶ್ವರ್ಯ ಕಂಬದ ಬಳಿ ಹೇಳಿದಾಗ. ಅಂದಿನ ಸಂಜೆಯಿಂದ ಕಟ್ಟುವುದನ್ನು ಬಿಟ್ಟೆ. ಬಾಯಿ ಮಾತ್ರ ಬಿಡಲಿಲ್ಲ. ಮಲೀಕಸಾಬನನ್ನು ತೆಗೆಯುತ್ತಾರೆಂದು ಗೊತ್ತಿದ್ದೂ ಅಮರೇಶನನ್ನು ತೋರಿಸಿಕೊಂಡು ತಿರುಗಿದೆ.

ಒಂದು ತಿಂಗಳ ರಾತ್ರಿಗಳಿಗೆ ಪೈಪು ತೂತು ಬೀಳುವುದಿಲ್ಲ, ಆದರೂ ಆ ಜಾಗ ಅಗೆದು ಲೇಪನ ನೋಡಬೇಕು, ಕಂಬಗಳ ತಿರುಗಣಿಗಳನ್ನೆಲ್ಲ ಬದಲಿಸಬೇಕು ಎಂದಳು ಐಶ್ವರ್ಯ. ನನ್ನ ಮೇಲೆ ಏನು ಕ್ರಮವೋ ಅದನ್ನು ಮೇಲಿನವರು ನೋಡುತ್ತಾರೆ, ಮಲೀಕಸಾಬನ ಹೆಸರನ್ನು ವರದಿಯಿಂದ ಬಿಡಬೇಕಾದರೆ ಮಾತ್ರ ಮಾಡಿದವನ ಬಾಯಿಂದಲೇ ಸಾಹೇಬರು ಕೇಳಬೇಕು ಎಂದಳು. ಹುನಗುಂದದ ಅಧಿಕಾರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಿಸುವಂತೆ ಗಲ್ಲೆಯ ಮೇಲಿಟ್ಟಳು.

ನನ್ನ ಮುಂದೆ ಜನ ಕುಳಿತಿದ್ದರು, ಆ ಕಡೆ ಸಾಹೇಬರು ಕಿವಿಗೊಟ್ಟಿದ್ದರು. ನಾಲಿಗೆ ತಾನಾಗಿಯೇ ಎದ್ದಿತು. "ಸಾಹೇಬ್ರ, ಹೆಂಗ ಹೇಳಲಿ, ಎಮ್ಮಿಯಷ್ಟು ಹಂದಿ, ನೂರಾರು. ಆಕಾಶ ಮುಚ್ಚಿದಂಗ ಬಂದ್ವು. ಶೇಂಗಾ ಉಳಿಸಬೇಕಂತ..."

"ಅಮಾತೆಪ್ಪ," ಎಂದ ಮಲೀಕಸಾಬ. "ಹಂದಿ ಎಷ್ಟಿದ್ದೂವು?"

"ಹತ್ತು."

ಅವನು ನೋಡುತ್ತಲೇ ಇದ್ದ.

"ಒಂದು," ಎಂದೆ. "ಅದೂ ನಾ ಕಣ್ಣಾರೆ ನೋಡಿಲ್ಲ. ಹೆಜ್ಜಿ ನೋಡೇನಿ."

ಮಲೀಕಸಾಬನಿಗೆ ಈ ವಿಷಯ ಗೊತ್ತಿತ್ತೇ ಎಂದು ಫೋನಿನ ದನಿ ಕೇಳಿತು.

"ಇಲ್ರಿ. ಅವಗ ಏನೂ ಗೊತ್ತಿರಲಿಲ್ಲ. ಮೊಳಿ ಕಿತ್ತಾವ ನಾನು. ತಂತಿ ಸಿಗಿಸಿದಾವ ನಾನು. ಉಪ್ಪುನೀರು ಹೊತ್ತು ಹಾಕಾಕ ಬ್ಯಾಸರಾಗಿ ಹಂಗ ಮಾಡೇನ್ರಿ. ಅವನ ಮ್ಯಾಲ ಬಂದಾಗ ಸುಮ್ಮ ಕೂತಾವನೂ ನಾನ."

"ಯಾಕೆ ಸುಮ್ಮನಿದ್ದಿರಿ?"

ಅದಕ್ಕೆ ಮೂರು ಉತ್ತರಗಳು ತಯಾರಿದ್ದವು, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಮಲೀಕಸಾಬ ಜಾಕೀಟನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದ.

"ಅಂಜಿದ್ದೆರಿ," ಎಂದೆ.